ಬಿಸಿಲೂರಿನಲ್ಲಿ ಮೂರು ಅಡಿ ಸಮುದ್ರ

ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ಇಲ್ಲಿಂದ ಸಮುದ್ರ ನೋಡಬೇಕೆಂದರೆ ಯಾವ ದಿಕ್ಕಿಗೆ ಹೊರಟರೂ ಒಂದು ರಾತ್ರಿ ಪ್ರಯಾಣ ಮಾಡಬೇಕು. ಇಂಥ ಊರಲ್ಲಿ ಕೂತು ಸಮುದ್ರದ ಮೀನು ಸಾಕ್ತೀನಿ ಅಂದಾಗ ಅವ್ವ ಕೇಳಿದ್ದು ಒಂದೇ ಮಾತು. "ಕುಡಿಯೋ ನೀರಿಗೇ ಕೊಡಾ ಹಿಡ್ಕೊಂಡು ಕಾಯ್ತೀವಿ, ನಿನಗ ಸಮುದ್ರ ಬೇಕಾಗ್ಯಾದೇನಪಾ?"

ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಸಿಹಿನೀರಿನ ಮೀನು ಸಾಕಿ ಆರು ವರ್ಷ ಆಯಿತು. ಎರಡು ಅಡಿ ಟ್ಯಾಂಕಿನಲ್ಲಿ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿವೆ. ಅವುಗಳಿಗೆ ಗಡಸು ನೀರೇ ಬೇಕು, ನಮ್ಮ ಬೋರಿನಲ್ಲಿ ಬರುವುದೂ ಅದೇ, ಹಾಗಾಗಿ ಇಷ್ಟು ವರ್ಷ ನನ್ನ ಜಾಣತನಕ್ಕಿಂತ ಜಾಸ್ತಿ ನಮ್ಮೂರಿನ ನೀರೇ ಅವುಗಳನ್ನು ಸಾಕಿತು ಅನ್ನಬೇಕು. ಆದರೆ ಮನಸ್ಸಿನಲ್ಲಿ ಬೇರೆ ಒಂದು ಟ್ಯಾಂಕ್ ಇತ್ತು. ಚಿಕ್ಕವನಿದ್ದಾಗ ಕಾಕಾ ಮುಂಬೈಗೆ ಕರೆದುಕೊಂಡು ಹೋಗಿ ಮರೀನ್ ಡ್ರೈವಿನ ತಾರಾಪೋರ್‌ವಾಲಾ ಅಕ್ವೇರಿಯಂ ತೋರಿಸಿದ್ದರು. ಗಾಜಿಗೆ ಮೂಗು ಒತ್ತಿ ನಿಂತಿದ್ದು ಇನ್ನೂ ನೆನಪಿದೆ.

ಹೋದ ಮಾರ್ಚಿನಲ್ಲಿ ಒಂದು ಮದುವೆ ಕಾರ್ಡಿನ ಹಿಂದೆ ಬೇಕಾದ ಮೀನುಗಳ ಪಟ್ಟಿ ಬರೆದೆ. ಕ್ಲೌನ್ ಜೋಡಿ, ಬ್ಲೂ ಟ್ಯಾಂಗ್, ಲಯನ್ ಫಿಶ್, ಮ್ಯಾಂಡರಿನ್, ಕಡಲ್ಗುದುರೆ, ಚಿಟ್ಟೆ ಮೀನು, ಡಾಮಿನೋ ಡ್ಯಾಮ್ಸೆಲ್, ಕ್ಲೀನರ್ ರ‍್ಯಾಸ್, ಹಸಿರು ಕ್ರೋಮಿಸ್, ಗೋಬಿ, ಫೈರ್‌ಫಿಶ್. ಒಟ್ಟು ಹನ್ನೊಂದು. ಇವತ್ತು ಆ ಕಾರ್ಡಿನಲ್ಲಿ ಮೂರು ಹೆಸರು ಉಳಿದಿವೆ. ಉಳಿದ ಎಂಟು ಹೇಗೆ ಹೋದವು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೀನಿಗಿಂತ ಮೊದಲು ಬಿಸಿಲಿನ ಮಾತು ಆಡಬೇಕು, ಕಲಬುರಗಿ ಅಲ್ವಾ.

ಹವಳದ ದಿಬ್ಬದ ಮೀನುಗಳಿಗೆ ನೀರು 24ರಿಂದ 27 ಡಿಗ್ರಿ ಒಳಗಿದ್ದರೆ ಚೆಂದ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ. ಇಂಟರ್ನೆಟ್ಟಿನಲ್ಲಿ ಓದಿದವರೆಲ್ಲ ಹೀಟರ್ ಯಾವುದು ತಗೋಬೇಕು ಅಂತ ಚರ್ಚೆ ಮಾಡುತ್ತಾರೆ. ನನಗೆ ನಗು ಬಂತು. ಹೀಟರ್ ನಮಗೆ ಡಿಸೆಂಬರ್ ಜನವರಿಯ ರಾತ್ರಿಗಳಿಗೆ ಬೇಕು, ಅಷ್ಟೇ.

ಹಾಗಾಗಿ ಒಂದು ಕೆಲಸ ಮಾಡಿದೆ. ಈ ಇಡೀ ಪ್ಲಾನಿನಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಬಹುಶಃ ಇದೊಂದೇ. ಟ್ಯಾಂಕ್ ಮಾಡಿಸಿದೆ, ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಲೆಕ್ಕಕ್ಕೆ 190 ಲೀಟರ್. ಉಪ್ಪು ಹಾಕಲಿಲ್ಲ, ಮೀನು ತರಲಿಲ್ಲ. ಸಾದಾ ನೀರು ತುಂಬಿಸಿ, ಪಂಪ್ ಮತ್ತು ಲೈಟ್ ಹಚ್ಚಿ, ಮೇ ತಿಂಗಳು ಪೂರ್ತಿ ಹಾಗೇ ಬಿಟ್ಟು ಥರ್ಮಾಮೀಟರ್ ನೋಡುತ್ತಾ ಕೂತೆ.

ಮೊದಲ ವಾರ ಹಾಲಿನಲ್ಲಿ, ಪಶ್ಚಿಮದ ಗೋಡೆಗೆ ಇಟ್ಟಿದ್ದೆ. ಮಧ್ಯಾಹ್ನ ನೀರು 34 ಡಿಗ್ರಿ, ರಾತ್ರಿ ಹನ್ನೆರಡಕ್ಕೂ 32. ಅದು ಸಾರು ಮಾಡುವ ನೀರು, ಸಮುದ್ರ ಅಲ್ಲ. ಆಮೇಲೆ ಕಂಪ್ಯೂಟರ್ ಒಳಗಿರುತ್ತವಲ್ಲ, ಆ 12 ವೋಲ್ಟಿನ ಸಣ್ಣ ಫ್ಯಾನ್‌ಗಳು, ಅಂಥವು ಎರಡು ತಂದು ನೀರಿನ ಮೇಲೆ ಗಾಳಿ ಬೀಸುವಂತೆ ಕಟ್ಟಿದೆ. ಮರುದಿನ ಮಧ್ಯಾಹ್ನ 29. ನನಗೇ ನಂಬಲಾಗಲಿಲ್ಲ, ಥರ್ಮಾಮೀಟರ್ ಕೆಟ್ಟಿದೆ ಅಂತ ಇನ್ನೊಂದು ತಂದೆ. ಅದೂ 29. ಇದರಲ್ಲಿ ಮಂತ್ರ ಏನಿಲ್ಲ, ಮಡಕೆ ನೀರು ತಣ್ಣಗಾಗುವ ಲೆಕ್ಕವೇ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ತನ್ನ ಜೊತೆ ಬೇಕಾದಷ್ಟು ಶಾಖ ಹೊತ್ತುಕೊಂಡು ಹೋಗುತ್ತದೆ. ದಿನಕ್ಕೆ 5 ಲೀಟರ್ ಆವಿಯಾದರೆ ಸುಮಾರು 140 ವ್ಯಾಟಿನ ಶಾಖ ಹಗಲೂ ರಾತ್ರಿ ಹೊರಗೆ ಹಾಕಿದಂತೆ. ನಮ್ಮ ಒಣ ಗಾಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರಿನವರಿಗೆ ಪಕ್ಕದಲ್ಲೇ ಸಮುದ್ರ ಇದೆ, ಆದರೆ ಆ ಜಿಗುಟು ಗಾಳಿಯಲ್ಲಿ ಈ ಉಪಾಯ ಅಷ್ಟಕ್ಕಷ್ಟೆ. ಸ್ವಲ್ಪ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ನಾನು ಹೆದರಿದ್ದ ಮೇ ತಿಂಗಳು ದಾಟಿ, ಜೂನಿನಲ್ಲಿ ಮೊದಲ ನಾಲ್ಕು ಮಳೆ ಬಿದ್ದಾಗ ಅಸಲಿ ತಾಪತ್ರಯ ಶುರುವಾಯಿತು. ಹೊರಗೆ ಬಿಸಿಲು ಕಡಿಮೆ, ಎಲ್ಲರೂ ಹಾಯಾಗಿದ್ದಾರೆ, ನನ್ನ ಟ್ಯಾಂಕ್ ಮಾತ್ರ 30ಕ್ಕೆ ಹೋಗಿ ಕೂತಿದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ನೀರು ಆವಿಯಾಗುವುದು ಕಡಿಮೆ, ಫ್ಯಾನ್ ಸುಮ್ನೆ ತಿರುಗುತ್ತದೆ. ಮಳೆಗಾಲ ಬಂದ ಮೇಲೆ ಕೂಲರ್ ಮುಂದೆ ಕೂತರೆ ಮೈ ಅಂಟಂಟು ಆಗುವುದಿಲ್ಲವೇ, ಹಾಗೆ. ಕೂಲರಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಟ್ಯಾಂಕ್ ಇರುವ ಕೋಣೆಯಲ್ಲೇ ಕೂಲರ್ ಹಚ್ಚಿದರೆ ಮೀನಿಗೆ ಒಳ್ಳೆಯದು ಅಂದುಕೊಂಡಿದ್ದೆ. ಕೋಣೆ ತಂಪಾಗುತ್ತದೆ, ನಿಜ, ಆದರೆ ಕೂಲರ್ ಗಾಳಿಯನ್ನು ಒದ್ದೆ ಮಾಡಿ ಟ್ಯಾಂಕಿನ ಫ್ಯಾನಿನ ಕೆಲಸ ಕೆಡಿಸುತ್ತದೆ. ನಮ್ಮ ಮನೆಯಲ್ಲಿ ಎರಡೂ ಸೇರಿ ಅರ್ಧ ಡಿಗ್ರಿ ಕೂಡ ಲಾಭ ಆಗಲಿಲ್ಲ.

ಕೊನೆಗೆ ಟ್ಯಾಂಕನ್ನು ನಡುಮನೆಗೆ ತಂದೆವು. ಅಜ್ಜ ಕಟ್ಟಿಸಿದ ಭಾಗ ಅದು, ಕಲ್ಲಿನ ಗೋಡೆ, ಎರಡು ಅಡಿ ದಪ್ಪ. ಅಲ್ಲಿ ಹಾಲಿಗಿಂತ ಎರಡು ಡಿಗ್ರಿ ಕಡಿಮೆ. ಅಂದರೆ ಜೂನಿನಲ್ಲೂ 28. ಮೀನಿಗೆ ನಡೆಯುತ್ತದೆ. ಹವಳಕ್ಕೆ? ಹವಳದ ಒಳಗೆ ಕಣ್ಣಿಗೆ ಕಾಣದ ಪಾಚಿ ಇದ್ದು, ಬೆಳಕಿನಲ್ಲಿ ಅಡುಗೆ ಮಾಡಿ ಅದಕ್ಕೆ ಊಟ ಹಾಕುತ್ತದೆ. ಮಾಮೂಲಿ ಬೇಸಿಗೆಗಿಂತ ನೀರು ಒಂದೇ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಇದ್ದರೂ ಆ ಪಾಚಿ ಹೊರಬಿದ್ದು ಹವಳ ಬಿಳಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಆಗಿದ್ದು ಅದೇ. ಸಮುದ್ರಕ್ಕೇ ತಡೆಯಲಾಗದ್ದು ನನ್ನ ಎರಡು ಫ್ಯಾನಿಗೆ ತಡೆಯುತ್ತದೆ ಅಂದುಕೊಳ್ಳುವುದು ಮೂರ್ಖತನ. ನೀರು ತಂಪು ಮಾಡುವ ಯಂತ್ರ, ಚಿಲ್ಲರ್, ಅದರ ಬೆಲೆ ಕೇಳಿದೆ, ಟ್ಯಾಂಕ್ ಸ್ಟ್ಯಾಂಡ್ ಎಲ್ಲ ಸೇರಿದರೂ ಅದಕ್ಕಿಂತ ಕಡಿಮೆ. ಮೊದಲ ವರ್ಷ ಹವಳ ಇಲ್ಲ ಅಂತ ತೀರ್ಮಾನ ಮಾಡಿದೆ.

ಹವಳ ಬಿಟ್ಟಿದ್ದಕ್ಕೆ ಇನ್ನೊಂದು ಕಾರಣ ಕಾನೂನು. ಹೊಸಬರು ಇದನ್ನು ಗೊತ್ತಿಲ್ಲದೆ ಎಡವುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 2001ರಿಂದ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂಥ ಗೋರ್ಗೋನಿಯನ್ ಇವೆಲ್ಲ ಒಂದನೇ ಶೆಡ್ಯೂಲಿನಲ್ಲಿವೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಕಡಲ್ಗುದುರೆಗೂ ಇದೇ ಕಾಯ್ದೆಯ ರಕ್ಷಣೆ ಇದೆ, ಹಾಗಾಗಿ ಕಾರ್ಡಿನಲ್ಲಿ ಮೊದಲು ಗೀಟು ಬಿದ್ದಿದ್ದು ಅದರ ಮೇಲೆ. ವಿದೇಶದಿಂದ ಬಂದಿದ್ದು ಅಂತ ಅಂಗಡಿಯವರು ಹೇಳಿದರೂ 2022ರ ತಿದ್ದುಪಡಿ ಆದ ಮೇಲೆ ಅಂಥವಕ್ಕೂ ಕಾಗದಪತ್ರ ಬೇಕು. ಹೈದರಾಬಾದಿನ ಒಂದು ಅಂಗಡಿಯಲ್ಲಿ ಕಾಗದ ಕೇಳಿದೆ. "ಅರೆ ಸಾಬ್, ಯಾರು ನೋಡ್ತಾರೆ" ಅಂದರು. ನಾನು ನೋಡ್ತೀನಲ್ಲ. ಮುಂದೆ ಯಾವತ್ತಾದರೂ ತಂದರೆ ಮಶ್ರೂಮ್, ಝೋಯಾಂಥಿಡ್ ಥರದ ಮೆತ್ತಗಿನ ಜೀವಿಗಳು, ಅದೂ ಯಾರದಾದರೂ ಟ್ಯಾಂಕಿನಲ್ಲೇ ಕವಲೊಡೆದು ಬೆಳೆದದ್ದು.

ಸತ್ತ ಹವಳದ ಕಲ್ಲನ್ನೂ ಅದಕ್ಕೇ ಬಿಟ್ಟೆ. ಸೆರಾಮಿಕ್ ಕಲ್ಲು ತರಿಸಿದೆ, ಒಳಗೆಲ್ಲ ಸಣ್ಣ ಸಣ್ಣ ತೂತು, ಅಲ್ಲಿ ಮೀನಿನ ಹೊಲಸು ಕರಗಿಸುವ ಬ್ಯಾಕ್ಟೀರಿಯಾ ಮನೆ ಮಾಡಬೇಕು. ತಮ್ಮ ಕೇಳಿದ, "ಶಹಾಬಾದಿನ ಪರ್ಸಿ ಕಲ್ಲು ಇಷ್ಟು ಅದಾವಲ್ಲ, ಅದನ್ನ ಹಾಕಿದ್ರ ಏನಾಗ್ತದ?" ಒಳ್ಳೆಯ ಪ್ರಶ್ನೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ, ವಾಡಿ, ಸೇಡಂ ಕಡೆ ಸಿಮೆಂಟ್ ಮಾಡುವುದೂ ಇದೇ ಕಲ್ಲಿನಿಂದ. ಹವಳದ ಎಲುಬೂ ಅದೇ ಕ್ಯಾಲ್ಸಿಯಂ ಕಾರ್ಬೋನೇಟ್. ಭೂಮಿಯ ಮೇಲೆ ಮೀನು ಅಂತ ಒಂದು ಹುಟ್ಟುವ ಎಷ್ಟೋ ಕೋಟಿ ವರ್ಷ ಮೊದಲು ಈ ಕಡೆ ಆಳವಿಲ್ಲದ ಸಮುದ್ರ ಇತ್ತು, ಅದರ ತಳದಲ್ಲಿ ಕೂತ ಕೆಸರೇ ಇವತ್ತು ನಮ್ಮ ಮನೆಯ ನೆಲ. ಅವ್ವನಿಗೆ ಇದನ್ನು ಹೇಳಿದೆ, ನಾನು ಸಮುದ್ರ ಹೊರಗಿನಿಂದ ತರುತ್ತಿಲ್ಲ, ಮೊದಲೇ ಇಲ್ಲಿತ್ತು ಅಂತ. "ಹೌದೇನು, ಹಂಗಾದ್ರ ನೆಲಾ ಒರಸು" ಅಂದಳು. ಆದರೆ ಪರ್ಸಿ ಟ್ಯಾಂಕಿಗೆ ಬರುವುದಿಲ್ಲ. ತೂತಿಲ್ಲ, ಮಣ್ಣಿನಂಶ ಇದೆ, ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು ಇರುವುದರಿಂದ ಅದು ಕರಗಿ ಕ್ಯಾಲ್ಸಿಯಂ ಕೊಡುವುದೂ ಇಲ್ಲ. ನೆಲಕ್ಕೂ ಒಂದು ತೊಂದರೆ. ಹಳೇ ಮನೆ, ನೀರು ಬಚ್ಚಲ ಕಡೆ ಹರಿಯಲಿ ಅಂತ ಇಳಿಜಾರು ಬಿಟ್ಟಿದ್ದಾರೆ. ಮೂರು ಅಡಿಗೆ ಅರ್ಧ ಇಂಚು ವ್ಯತ್ಯಾಸ. ಕಾಲು ಟನ್ ಭಾರ ಓರೆ ನಿಂತರೆ ಗಾಜಿನ ಗತಿ? ಗೌಂಡಿಯನ್ನು ಕರೆಸಿ ಲೆವೆಲ್ ಮಾಡಿಸಿದೆ.

ಉಪ್ಪಿನ ಬಗ್ಗೆ ಎಲ್ಲರಿಗೂ ಒಂದು ಸಲಹೆ ಇರುತ್ತದೆ. ಅಡುಗೆ ಉಪ್ಪು ಹಾಕು ಅಂದರು ಅರ್ಧ ಜನ. ಸಮುದ್ರದ ಉಪ್ಪಿನಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಸೇರಿ ಸುಮಾರು 86 ಪರ್ಸೆಂಟ್, ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಆ ಉಳಿದದ್ದೇ ಮುಖ್ಯ. ಕಾಕಾ ಗೋವಾದಿಂದ ಕ್ಯಾನಿನಲ್ಲಿ ತರೋಣ ಅಂದರು, ದಂಡೆಯ ನೀರಿನ ಕೆಸರು, ಎಣ್ಣೆ ಎಲ್ಲ ನೆನಪಿಸಿ ಸುಮ್ಮನಾಗಿಸಿದೆ. ರೀಫ್ ಸಾಲ್ಟ್ ಅಂತಲೇ ಡಬ್ಬದಲ್ಲಿ ಬರುತ್ತದೆ. ಲೀಟರಿಗೆ 35 ಗ್ರಾಂ ಉಪ್ಪು ಇರಬೇಕು, ಕಲ್ಲು ಮರಳು ಹಾಕಿದ ಮೇಲೆ ನನ್ನ ಟ್ಯಾಂಕಿನಲ್ಲಿ 160 ಲೀಟರ್ ಹಿಡಿಯುತ್ತದೆ, ಹತ್ತಿರ ಹತ್ತಿರ 6 ಕೆಜಿ ಬೇಕಾಯಿತು.

ಉಪ್ಪಿಗಿಂತ ಸಿಹಿನೀರೇ ದೊಡ್ಡ ತಲೆನೋವು. ನಮ್ಮ ಬೋರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣ, 900 ದಾಟುತ್ತದೆ. ಮನೆಯ ಆರ್‌ಒದಿಂದ ಬಂದರೆ 45. ಸಮುದ್ರದ ಟ್ಯಾಂಕಿಗೆ ಹಾಕುವ ಸಿಹಿನೀರಿನಲ್ಲಿ ಅದು ಸೊನ್ನೆ ಇರಬೇಕು, ಯಾಕೆಂದರೆ ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ದಿನಾ 5 ಲೀಟರ್ ಹೋದರೆ ಒಂದೇ ದಿನಕ್ಕೆ ಉಪ್ಪು 35ರಿಂದ 36 ಆಗುತ್ತದೆ. ಎರಡು ದಿನ ಮರೆತರೆ ಮೀನಿಗೆ ಕಷ್ಟ. ಅಷ್ಟನ್ನೂ ಸಿಹಿನೀರಿನಿಂದಲೇ ತುಂಬಬೇಕು, ಆ ನೀರಿನಲ್ಲಿ ಏನಾದರೂ ಇದ್ದರೆ ಅದು ದಿನದಿನವೂ ಟ್ಯಾಂಕಿನಲ್ಲಿ ಕೂಡುತ್ತಾ ಹೋಗುತ್ತದೆ. ಆರ್‌ಒ ಮುಂದೆ ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ತುಂಬಿದ ಒಂದು ಕೊಳವೆ ಜೋಡಿಸಿದೆ, ಈಗ ಸೊನ್ನೆ ಬರುತ್ತದೆ. ಒಂದು ಬಕೆಟ್ ಒಳ್ಳೆ ನೀರಿಗೆ ಮೂರು ಬಕೆಟ್ ವೇಸ್ಟ್ ಹೋಗುತ್ತದಲ್ಲ, ಅದಕ್ಕೆ ಅವ್ವ ಹಚ್ಚಿದ ಜಗಳ ಇಲ್ಲಿ ಬರೆಯುವಂಥದ್ದಲ್ಲ. ಈಗ ಆ ನೀರಿನಲ್ಲೇ ಅಂಗಳ, ಬಟ್ಟೆ, ನನ್ನ ಬೈಕು.

ಸ್ಕಿಮ್ಮರ್ ಅಂತ ಒಂದು ಯಂತ್ರ ಇದೆ, ಅದನ್ನು ವಿವರಿಸುವುದು ನಮ್ಮೂರಿನಲ್ಲಿ ಸುಲಭ. ತೊಗರಿಬೇಳೆ ಕುದಿಯುವಾಗ ಮೇಲೆ ನೊರೆ ಬರುತ್ತದೆ, ಚಮಚದಲ್ಲಿ ತೆಗೆದು ಚೆಲ್ಲುತ್ತೇವೆ. ಸ್ಕಿಮ್ಮರ್ ಮಾಡುವುದೂ ಅದೇ, ಉಪ್ಪುನೀರಿನಲ್ಲಿ ಸಣ್ಣ ಗುಳ್ಳೆ ಎಬ್ಬಿಸಿ ಕೊಳೆಯನ್ನು ನೊರೆಯ ಜೊತೆ ಹೊರಗೆ ಹಾಕುತ್ತದೆ.

ಇನ್ನು ಮೀನು.

ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ, ಬೆಳೆದರೆ ಒಂದು ಅಡಿ. ನನ್ನ ಟ್ಯಾಂಕಿನ ಅಗಲವೇ ಒಂದೂವರೆ ಅಡಿ. ಹೋಯಿತು. ಲಯನ್ ಫಿಶ್‌ಗೆ ಮುಳ್ಳಿನಲ್ಲಿ ವಿಷ, ಬಾಯಿಗೆ ಹಿಡಿಸುವ ಎಲ್ಲವನ್ನೂ ನುಂಗುತ್ತದೆ, ಕ್ಲೌನ್ ಜೋಡಿ ಅದಕ್ಕೆ ನಾಷ್ಟಾ ಆಗುತ್ತಿತ್ತು. ಚಿಟ್ಟೆ ಮೀನು ಹವಳವನ್ನೇ ಕಿತ್ತು ತಿನ್ನುತ್ತದೆ, ಮುಂದೆ ಹವಳ ಇಡುವ ಆಸೆ ಇರುವವನು ಅದನ್ನು ತರಬಾರದು.

ಮ್ಯಾಂಡರಿನ್ ಬಿಡುವಾಗ ಮಾತ್ರ ನಿಜಕ್ಕೂ ಬೇಜಾರಾಯಿತು. ಇಳಕಲ್ ಸೀರೆಯ ಸೆರಗಿನಂಥ ಮೀನು ಅದು, ಅಷ್ಟು ಬಣ್ಣ. ಆದರೆ ಕಲ್ಲಿನ ಮೇಲೆ ಓಡಾಡುವ ಕೋಪಿಪಾಡ್ ಅನ್ನುವ ಸಾಸಿವೆಗಿಂತ ಸಣ್ಣ ಹುಳಗಳನ್ನು ಹೆಕ್ಕಿ ಹೆಕ್ಕಿ ತಿನ್ನುತ್ತಲೇ ಇರಬೇಕು, ಅಂಗಡಿಯ ತಿಂಡಿ ಮೂಸಿಯೂ ನೋಡುವುದಿಲ್ಲ. ಹೊಸ ಟ್ಯಾಂಕಿನಲ್ಲಿ ಆ ಹುಳಗಳೇ ಇರುವುದಿಲ್ಲ, ಎರಡು ತಿಂಗಳಲ್ಲಿ ಹೊಟ್ಟೆ ಒಳಗೆ ಹೋಗಿ ಸಾಯುತ್ತದೆ. ಕ್ಲೀನರ್ ರ‍್ಯಾಸ್ ಕಥೆಯೂ ಹಾಗೇ. ದೊಡ್ಡ ಮೀನುಗಳ ಮೈಮೇಲಿನ ಪರಾವಲಂಬಿ ತಿಂದು ಬದುಕುವ ಮೀನಿಗೆ ನನ್ನ ನಾಲ್ಕು ಮೀನು ಎಷ್ಟು ಊಟ ಕೊಡುತ್ತವೆ?

ಹೈದರಾಬಾದಿನ ಅದೇ ಅಂಗಡಿಯವರು ಡಾಮಿನೋ ಡ್ಯಾಮ್ಸೆಲ್ ತೋರಿಸಿ, ಗಟ್ಟಿ ಮೀನು, ಅಗ್ಗ, ಎಲ್ಲರ ಜೊತೆ ಇರುತ್ತದೆ, ಮೊದಲು ಇದನ್ನೇ ಬಿಡಿ ಅಂದರು. ಗಟ್ಟಿ ಅನ್ನುವುದು ನಿಜ, ಅಗ್ಗ ಅನ್ನುವುದೂ ನಿಜ. ಮೂರನೆಯದು ಮಾತ್ರ ಸುಳ್ಳು. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಮೊದಲು ಹತ್ತಿದವನು ಇಡೀ ಸೀಟಿಗೆ ಟವೆಲ್ ಹಾಸಿ, ಕಾಲು ಚಾಚಿ, ಆಮೇಲೆ ಬಂದವರ ಮೇಲೆಲ್ಲ ಗುರ್ ಅನ್ನುತ್ತಾನಲ್ಲ, ಡಾಮಿನೋ ಅಂದರೆ ಅವನೇ. ಕರಿ ಮೈಮೇಲೆ ಮೂರು ಬಿಳಿ ಚುಕ್ಕೆ, ಮರಿ ಇದ್ದಾಗ ಮುದ್ದು. ದೊಡ್ಡದಾದರೆ ಮೂರು ಅಡಿ ಟ್ಯಾಂಕ್ ಪೂರ್ತಿ ತನ್ನದೇ ಅನ್ನುತ್ತದೆ. ಮತ್ತೆ ಹಿಡಿಯಬೇಕೆಂದರೆ ಕಲ್ಲು ಎಲ್ಲ ಹೊರಗೆ ತೆಗೆಯಬೇಕು. ಹಸಿರು ಕ್ರೋಮಿಸ್ ಇದರ ಕುಲದ್ದೇ, ಇಷ್ಟು ಜೋರಿಲ್ಲ, ಆದರೆ ಆರು ತಂದರೆ ಒಂದನ್ನೊಂದು ಹೊಡೆದು ಕೊನೆಗೆ ಒಂದೋ ಎರಡೋ ಉಳಿಯುತ್ತವೆ ಅಂತ ಸಾಕಿದವರೆಲ್ಲ ಹೇಳಿದರು. ಅದಕ್ಕೂ ಗೀಟು.

ಉಳಿದ ಮೂರು ಹೆಸರಲ್ಲಿ ಕ್ಲೌನ್ ಎಲ್ಲರಿಗೂ ಗೊತ್ತು. ಮರಿಗಳೆಲ್ಲ ಗಂಡೇ ಆಗಿರುತ್ತವೆ, ಗುಂಪಿನಲ್ಲಿ ಜೋರಿನದು ಹೆಣ್ಣಾಗುತ್ತದೆ. ಹಾಗಾಗಿ ಒಂದು ದೊಡ್ಡದು ಒಂದು ಸಣ್ಣದು ನೋಡಿ ತಂದರೆ ಜೋಡಿ ತಾನಾಗಿ ಕೂಡುತ್ತದೆ, ಒಂದೇ ಅಳತೆಯ ಎರಡು ತಂದರೆ ಯಾರು ಯಜಮಾನಿ ಅಂತ ಜಗಳ. ಸಮುದ್ರದಲ್ಲಿ ಇವು ಆಸರೆ ಪಡೆಯುವ ಹೂವಿನಂಥ ಜೀವಿ, ಅನಿಮನಿ, ಅದು ಇಲ್ಲದೆಯೂ ಬದುಕುತ್ತವೆ. ಎಲ್ಲಕ್ಕಿಂತ ಮುಖ್ಯ, ಇವುಗಳನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವುದು ನಮ್ಮ ದೇಶದಲ್ಲೇ ನಡೆಯುತ್ತದೆ, ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅದರ ವಿಧಾನ ಕಂಡುಕೊಂಡಿದ್ದಾರೆ. ಸಮುದ್ರದಿಂದ ಹಿಡಿದ ಮೀನಿಗಿಂತ ತೊಟ್ಟಿಯಲ್ಲಿ ಹುಟ್ಟಿದ ಮೀನು ತಿಂಡಿಗೂ ಗಾಜಿಗೂ ಬೇಗ ಒಗ್ಗುತ್ತದೆ.

ಎರಡನೆಯದು ಹಳದಿ ವಾಚ್‌ಮನ್ ಗೋಬಿ. ಗೋಬಿ ಅಂದ ಕೂಡಲೇ ತಮ್ಮ "ಮಂಚೂರಿನಾ?" ಅಂದ, ಈಗ ಮನೆಯಲ್ಲಿ ಅದರ ಹೆಸರೇ ಮಂಚೂರಿ. ನನಗೆ ಎಲ್ಲಕ್ಕಿಂತ ಇಷ್ಟ ಇದೇ ಮೀನು, ಯಾಕೆಂದರೆ ಇದು ಪಿಸ್ತೂಲ್ ಸೀಗಡಿಯ ಜೊತೆ ಒಂದೇ ಬಿಲದಲ್ಲಿ ಸಂಸಾರ ಮಾಡುತ್ತದೆ. ಸೀಗಡಿಗೆ ಕಣ್ಣು ಮಂದ, ಆದರೆ ಅಗೆಯುವುದರಲ್ಲಿ ಗಟ್ಟಿಗ. ಮೀನಿಗೆ ಅಗೆಯಲು ಬರುವುದಿಲ್ಲ, ಕಣ್ಣು ಚುರುಕು. ಬಾಗಿಲಲ್ಲಿ ಮೀನು ಕಾವಲು ಕೂತಿದ್ದರೆ ಸೀಗಡಿ ಮರಳು ಹೊತ್ತು ಹಾಕುತ್ತಾ ತನ್ನ ಮೀಸೆಯೊಂದನ್ನು ಸದಾ ಮೀನಿನ ಮೈಗೆ ತಾಗಿಸಿಟ್ಟಿರುತ್ತದೆ. ಮೀನು ಬಾಲ ಅಲ್ಲಾಡಿಸಿದರೆ ಇಬ್ಬರೂ ಒಳಗೆ. ಆ ಸೀಗಡಿ ಒಂದು ಕೊಂಡಿಯನ್ನು ಎಷ್ಟು ವೇಗವಾಗಿ ಮುಚ್ಚುತ್ತದೆ ಅಂದರೆ ನೀರಿನಲ್ಲಿ ಗುಳ್ಳೆ ಎದ್ದು ಒಡೆದು ಟಪ್ ಅಂತ ಸದ್ದು ಬರುತ್ತದೆ, ಪಕ್ಕದ ಕೋಣೆಗೂ ಕೇಳುತ್ತದಂತೆ. ಅವ್ವನಿಗೆ ಇದನ್ನು ಇನ್ನೂ ಹೇಳಿಲ್ಲ. ಇವರಿಗಾಗಿಯೇ ಎರಡು ಇಂಚು ಮರಳು ಹಾಕಿದ್ದೇನೆ.

ಮೂರನೆಯದು ಫೈರ್‌ಫಿಶ್, ಬೆರಳುದ್ದದ ಪುಕ್ಕಲು ಮೀನು. ಹೆದರಿದರೆ ನೀರಿನಿಂದ ಹೊರಗೆ ಹಾರುತ್ತದೆ. ಗಾಜಿನ ಮುಚ್ಚಳ ಹಾಕಿದರೆ ನನ್ನ ಫ್ಯಾನಿನ ಕೆಲಸ ನಿಲ್ಲುತ್ತದೆ, ಹಾಗಾಗಿ ಕಿಟಕಿಗೆ ಹಾಕುವ ಸೊಳ್ಳೆ ಜಾಲಿ ಕತ್ತರಿಸಿ ಚೌಕಟ್ಟು ಮಾಡಿಸಿದೆ. ಗಾಳಿಯೂ ಆಡುತ್ತದೆ, ಮೀನೂ ಒಳಗೇ ಇರುತ್ತದೆ.

ತರುವ ಸರದಿಯೂ ಇದಕ್ಕೆ ತಕ್ಕಂತೆ. ಪುಕ್ಕಲು ಮೊದಲು, ಜೋರಿನವರು ಕೊನೆಗೆ. ಮೊದಲು ಗೋಬಿ ಮತ್ತು ಸೀಗಡಿ, ಆಮೇಲೆ ಫೈರ್‌ಫಿಶ್, ಕೊನೆಗೆ ಕ್ಲೌನ್ ಜೋಡಿ. ಮೂರೂ ಮೂರು ಎತ್ತರದಲ್ಲಿ ಇರುವವು, ಗೋಬಿ ನೆಲದಲ್ಲಿ, ಫೈರ್‌ಫಿಶ್ ಅದರ ಮೇಲೆ, ಕ್ಲೌನ್ ಒಂದು ಮೂಲೆ ಹಿಡಿದು. ಬಣ್ಣದಲ್ಲೂ ಆಕಾರದಲ್ಲೂ ಒಂದರಂತೆ ಒಂದಿಲ್ಲ, ಹಾಗಿದ್ದರೆ ಜಗಳ ಕಡಿಮೆ. ಪ್ರತಿ ಮೀನೂ ಮೊದಲು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇರಬೇಕು. ಬಿಳಿ ಚುಕ್ಕೆ ರೋಗ ಬಂದರೆ ತಾಮ್ರದ ಔಷಧಿ ಅಲ್ಲೇ ಹಾಕಬೇಕು, ದೊಡ್ಡ ಟ್ಯಾಂಕಿಗೆ ಹಾಕಿದರೆ ಸೀಗಡಿ ಸಾಯುತ್ತದೆ.

ಆಗಸ್ಟಿನಲ್ಲಿ ಉಪ್ಪು ಕಲಸಿದೆ. ಬ್ಯಾಕ್ಟೀರಿಯಾ ಬೆಳೆಯಲು ಸತ್ತ ಸೀಗಡಿ ತುಂಡು ಹಾಕಿ ಅಂತ ಎಲ್ಲರೂ ಬರೆಯುತ್ತಾರೆ, ನಮ್ಮ ಮನೆಯಲ್ಲಿ ಅದು ನಡೆಯುವ ಮಾತಲ್ಲ. ಅಮೋನಿಯಂ ಕ್ಲೋರೈಡ್ ತಂದೆ, ಕಲಾಯಿ ಹಾಕುವವರ ನವಸಾಗರ ಇದೆಯಲ್ಲ, ಅದೇ, ಆದರೆ ಲ್ಯಾಬಿನ ಶುದ್ಧ ಪುಡಿ. ಮೀನಿಗೆ ವಿಷವಾದ ಅಮೋನಿಯಾವನ್ನು ಬ್ಯಾಕ್ಟೀರಿಯಾ ತಿನ್ನುತ್ತಾ ಹೋದಂತೆ ಅದು ಇಳಿದು ನೈಟ್ರೈಟ್ ಏರಿತು, ನೈಟ್ರೈಟ್ ಇಳಿದು ಅಷ್ಟು ತೊಂದರೆ ಕೊಡದ ನೈಟ್ರೇಟ್ ಆಯಿತು. ಮೊದಲ ಎರಡೂ ಸೊನ್ನೆಗೆ ಬರಲು 38 ದಿನ ಹಿಡಿಯಿತು. ನಡುವೆ ಒಂದು ರಾತ್ರಿ ಆರು ತಾಸು ಕರೆಂಟ್ ಹೋಗಿತ್ತು. ಮೀನಿದ್ದಿದ್ದರೆ ಶಾಖಕ್ಕಿಂತ ಮೊದಲು ಉಸಿರು ಕಟ್ಟುತ್ತಿತ್ತು, ಬಿಸಿ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ. ಮರುದಿನವೇ ಬ್ಯಾಟರಿ ಏರ್ ಪಂಪ್ ತಂದೆ, ಅಲೆ ಎಬ್ಬಿಸುವ ಪಂಪನ್ನು ಇನ್ವರ್ಟರಿಗೆ ಜೋಡಿಸಿದೆ.

ಈಗ ಕಲ್ಲಿನ ಮೇಲೆ ಕಂದು ಬಣ್ಣದ ಪುಡಿ ಕೂತಿದೆ. ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ ಅದು, ಹೊಸ ಟ್ಯಾಂಕಿನಲ್ಲಿ ಸಾಮಾನ್ಯ, ತಾನಾಗಿ ಹೋಗುತ್ತದೆ. ಅವ್ವ ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದು ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, "ಮೂರು ತಿಂಗಳಾತು, ಕಲ್ಲು ಸಾಕ್ಲತ್ತೀ ಏನು?" ಅನ್ನುತ್ತಾಳೆ. ಅಕ್ಕನ ಮಗಳಿಗೆ ಟೀವಿಯಲ್ಲಿ ನೋಡಿದ ಕಿತ್ತಳೆ ಮೀನು ಬೇಕು, ಅದು ಕೊನೆಗೆ ಬರುತ್ತದೆ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ದೀಪಾವಳಿ ಆದ ಮೇಲಿನ ಶನಿವಾರ ಹೈದರಾಬಾದಿಗೆ ಹೊರಟಿದ್ದೇನೆ, ಬೇರೆ ಅಂಗಡಿಗೆ. ಆ ಹೊತ್ತಿಗೆ ಚಳಿ ಬಿದ್ದಿರುತ್ತದೆ, ರೈಲಿನಲ್ಲಿ ಮೀನಿನ ಚೀಲ ಕಾಯುವುದಿಲ್ಲ. ಮೆಡಿಕಲ್ ಅಂಗಡಿಯವರ ಹತ್ತಿರ ಖಾಲಿ ಥರ್ಮಾಕೋಲ್ ಡಬ್ಬಿ ಕೇಳಿ ಇಟ್ಟಿದ್ದೇನೆ. ಅಂಗಡಿಯಲ್ಲಿ ನೀಲಿ ಟ್ಯಾಂಗ್ ಕಂಡರೆ ಮನಸ್ಸು ಜಾರಬಹುದು ಅಂತ ಒಂದು ಮೀನು, ಒಂದು ಸೀಗಡಿಗೆ ಆಗುವಷ್ಟೇ ದುಡ್ಡು ಇಟ್ಟುಕೊಂಡು ಹೋಗುತ್ತೇನೆ. ಫೋನ್‌ಪೇ ಇರುವ ಮೊಬೈಲನ್ನು ತಮ್ಮ ಹಿಡಿದುಕೊಂಡಿರಲಿ.